ಮಳೆಗಾಲದೊಳಗೆ ಸ್ವಾಮಿ ಬರುತ್ತಾರೆ ಎಂದ ವರ್ಷ

ಆ ವರ್ಷ ಮೇ ತಿಂಗಳು ಅರ್ಧ ಕಳೆದರೂ ನಮ್ಮ ಅಂಗಳದಲ್ಲಿ ಒಂದು ಹಪ್ಪಳವೂ ಒಣಗಲಿಲ್ಲ. ಕುಂಭಾಶಿಯಲ್ಲಿ ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ನಮ್ಮ ಓಣಿಯಲ್ಲಿ ಉಳಿದವರೆಲ್ಲ ಮಳೆಗಾಲದ ತಯಾರಿಯಲ್ಲಿದ್ದರು. ಬಚ್ಚಲೊಲೆಗೆ ಕಟ್ಟಿಗೆ ಒಡೆದು ಒಳಗೆ ಸೇರಿಸುತ್ತಿದ್ದರು, ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು, ಗಾಳಿಮಳೆ ಹೊಡೆಯುವ ಗೋಡೆಗೆ ತೆಂಗಿನ ಮಡಲು ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಇದನ್ನೆಲ್ಲ ಮುಂದೆ ನಿಂತು ಮಾಡಿಸುತ್ತಿದ್ದವಳು ಅಮ್ಮ. ಆ ವರ್ಷ ಅವಳು ಕೈಕಟ್ಟಿ ಕೂತಿದ್ದಳು. ಕೇಳಿದರೆ, "ಎಂತಕ್ಕೆ ಮಗಾ? ಮಳೆಗಾಲದೊಳ್ಗೆ ಸ್ವಾಮಿ ಬತ್ರ್," ಅಂದಳು.

ಸ್ವಾಮಿ ಎಂದರೆ ಯೇಸುಸ್ವಾಮಿ. ನಮ್ಮದು ಕ್ರೈಸ್ತ ಮನೆ. ನನ್ನ ಮುತ್ತಜ್ಜ ಕುಂದಾಪುರದ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು, ಅಲ್ಲಿಯೇ ಚರ್ಚಿನ ಸಭೆಗೆ ಸೇರಿದವರು. ನಾಲ್ಕು ತಲೆಮಾರಿನಿಂದ ನಾವು ಆಡುವುದು ಓಣಿಯ ಉಳಿದವರಾಡುವ ಕುಂದಾಪ್ರ ಕನ್ನಡವನ್ನೇ. ಪ್ರತಿ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಕ್ರಿಸ್ತನು ತಿರುಗಿ ಬಂದು ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುವನೆಂದು ನಂಬುತ್ತೇವೆ ಅಂತ ಎಲ್ಲರೂ ಒಟ್ಟಿಗೆ ಹೇಳುತ್ತೇವೆ. ಚಿಕ್ಕಂದಿನಿಂದ ಹೇಳಿ ಹೇಳಿ ಅದು ನನಗೆ ಮಗ್ಗಿಯಷ್ಟೇ ಬಾಯಿಪಾಠವಾಗಿತ್ತು. ಆ ಮಾತು ನಮ್ಮ ಮನೆಯ ಕ್ಯಾಲೆಂಡರಿಗೆ ಬಂದು ಕೂರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಅಮ್ಮ ಸುಲಭವಾಗಿ ಯಾರ ಮಾತಿಗೂ ಮರುಳಾಗುವವಳಲ್ಲ. ಬೈಂದೂರಿನ ಬಳಿಯ ಯಡ್ತರೆಯ ಸರಕಾರಿ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವಳು. ಅಪ್ಪಯ್ಯ ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದರು. ಅಮ್ಮ ಶಾಲೆಗೆ ಹೋಗುತ್ತಿದ್ದದ್ದೂ ಅದೇ ಬಸ್ಸಿನಲ್ಲಿ. ಮದುವೆಯಾಗಿ ಎಷ್ಟೋ ವರ್ಷವಾದ ಮೇಲೂ ಅವಳು ಅವರ ಬೆನ್ನ ಹಿಂದಿನ ಸೀಟಿನಲ್ಲಿ ಕೂತು, ಉತ್ತರಪತ್ರಿಕೆ ತಿದ್ದುತ್ತ ಹೋಗುತ್ತಿದ್ದಳು. ಅಪ್ಪಯ್ಯ ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅದಾಗಿ ಮೂರು ವರ್ಷವಾದರೂ ಅಮ್ಮ ಅವರ ಬಗ್ಗೆ ಮಾತಾಡುವಾಗ 'ಇದ್ದರು' ಎಂದದ್ದು ನಾನು ಕೇಳಿಲ್ಲ. 'ಅವ್ರಿಗೆ ಖಾರ ಆಪುದಿಲ್ಲೆ' ಎನ್ನುತ್ತಿದ್ದಳು, ಈಗಷ್ಟೇ ಹೊರಗೆ ಹೋದವರ ಹಾಗೆ.

ಆ ಜನವರಿಯಲ್ಲಿ ಅವಳ ಹಳೆಯ ಸಹೋದ್ಯೋಗಿಯೊಬ್ಬರು ಯಡ್ತರೆಯ ತಮ್ಮ ಮನೆಯ ಪ್ರಾರ್ಥನಾ ಕೂಟಕ್ಕೆ ಕರೆದರು. ಎಲ್ಲಿಂದಲೋ ಬಂದಿದ್ದ ಬೋಧಕರೊಬ್ಬರು ಗೋಡೆಯ ಮೇಲೆ ಬಟ್ಟೆಯ ದೊಡ್ಡ ಪಟ ಇಳಿಬಿಟ್ಟು, ಕೋಲು ಹಿಡಿದು ವಿವರಿಸಿದರಂತೆ. ಲೋಕ ಶುರುವಾದಲ್ಲಿಂದ ಕೊನೆಯವರೆಗೆ ಬಣ್ಣದ ಪಟ್ಟಿಗಳು. ಕಷ್ಟದ ಏಳು ವರ್ಷಕ್ಕೆ ಕಪ್ಪು, ಕ್ರಿಸ್ತನು ಈ ಭೂಮಿಯ ಮೇಲೆಯೇ ಆಳುವ ಸಾವಿರ ವರ್ಷಕ್ಕೆ ಹಸಿರು. ಎಲ್ಲಕ್ಕಿಂತ ಮೊದಲು, ತುತೂರಿಯ ಧ್ವನಿ ಕೇಳಿ ನಂಬಿಕೆಯಲ್ಲಿ ಸತ್ತವರು ಸಮಾಧಿಯಿಂದ ಏಳುತ್ತಾರೆ. ಅಮ್ಮ ಕೇಳಿ ಬಂದದ್ದು ಮುಖ್ಯವಾಗಿ ಇದನ್ನು.

"ಹಸ್ರ್ ಪಟ್ಟಿ ಎಷ್ಟ್ ಅಗಲ ಇತ್ತ್ ಗೊತ್ತಾ?" ಎಂದು ಮನೆಗೆ ಬಂದು ಕೈ ಅಗಲಿಸಿ ತೋರಿಸಿದಳು. "ಆ ಕಾಲದಂಗೆ ಮನೆ ಕಟ್ಟಿದವ್ರೇ ಆ ಮನೆಯಂಗ್ ಇಪ್ಪುದ್. ಸಿಂಹ ಸೈತ ಹುಲ್ಲ್ ತಿಂತ್. ನಿನ್ ಅಪ್ಪಯ್ಯ ಬಸ್ ಬಿಡುದ್ ಬೇಡ, ಆರಾಮ ಕೂಕಂಬ್ಲಕ್ಕ್."

ಬೋಧಕರು ದಿನವನ್ನೂ ಹೇಳಿದ್ದರು. ಯಾವ ಯಾವುದೋ ಸಂಖ್ಯೆಗಳನ್ನು ಕೂಡಿಸಿ ಗುಣಿಸಿ ಮೇ ತಿಂಗಳ ಕೊನೆಯ ಗುರುವಾರ, ಮಳೆ ಹಿಡಿಯುವುದಕ್ಕೆ ಮುಂಚೆ ಅಂದಿದ್ದರು. ಅಮ್ಮ ಆ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ಎರಡೆರಡು ಸಲ ಮಾಡಿ ನೋಡಿದಳು. ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ. ಕೂಡಿಸಬೇಕಾದ ಸಂಖ್ಯೆಗಳು ಅವೇ ಹೌದೋ ಎಂದು ಅವಳು ಕೇಳಿಕೊಳ್ಳಲಿಲ್ಲ.

ಅದನ್ನು ಕೇಳಬೇಕಾಗಿದ್ದವಳು ನಾನು. ಬ್ರಹ್ಮಾವರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು, ಮದುವೆಯಾಗದೆ ಅಮ್ಮನ ಜೊತೆಗೇ ಇರುವವಳು. ಆದರೆ ನಾನು ಸುಮ್ಮನಿದ್ದೆ. ಅದಕ್ಕೊಂದು ಕಾರಣವಿತ್ತು. ಏಪ್ರಿಲ್‌ನಲ್ಲಿ ಪರೀಕ್ಷೆಗಳು ಮುಗಿದ ವಾರ ಸ್ನಾನ ಮಾಡುವಾಗ ನನ್ನ ಎಡ ಎದೆಯ ಪಕ್ಕದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಗೇರುಬೀಜದಷ್ಟಿತ್ತು. ನೋವಿರಲಿಲ್ಲ. ನೋವಿಲ್ಲದಿರುವುದು ಒಳ್ಳೆಯ ಲಕ್ಷಣವೇ ಆಗಬೇಕಿಲ್ಲ ಎಂದು ನನಗೆ ಗೊತ್ತಿತ್ತು. ಜೀವಕೋಶ ಹೇಗೆ ಒಡೆದು ಬೆಳೆಯುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳಿಕೊಡುವವಳು ನಾನು. ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ, ಯಾರಿಗೂ ಹೇಳಲಿಲ್ಲ. ಮೇ ಕಳೆಯಲಿ, ಆಮೇಲೆ ನೋಡಿದರಾಯಿತು ಅಂದುಕೊಂಡೆ. ಸ್ವಾಮಿ ಅಮ್ಮನ ಲೆಕ್ಕದ ಹಾಗೆ ಬಂದುಬಿಟ್ಟರೆ ಪರೀಕ್ಷೆಯೇ ಬೇಡವಲ್ಲ ಎಂಬ ಯೋಚನೆಯೂ ಬಂತು. ನಾನು ಆ ತಾರೀಕನ್ನು ನಂಬಿರಲಿಲ್ಲ. ನಂಬದೆಯೇ ಅದರ ಹಿಂದೆ ಅಡಗಿ ಕೂತಿದ್ದೆ.

ಸುದ್ದಿ ನಮ್ಮ ಸಭೆಯ ಪಾದ್ರಿಯವರ ಕಿವಿಗೆ ಬಿತ್ತು. ಅವರನ್ನು ನಾವು ಅಯ್ಯನವರು ಎನ್ನುತ್ತೇವೆ. ಧಾರವಾಡದ ಕಡೆಯಿಂದ ವರ್ಗವಾಗಿ ಬಂದ, ನನಗಿಂತ ಚಿಕ್ಕ ವಯಸ್ಸಿನವರು. ಒಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಬಂದರು. ಅಮ್ಮ ಚಹಾ ಕೊಟ್ಟಳು.

"ಟೀಚರ್, ಸ್ವಾಮಿ ಬರ್ತಾರ ಅನ್ನೋದ್ರಾಗ ನನಗೂ ಸಂಶಯ ಇಲ್ರೀ," ಎಂದರು ಅವರು. "ಆದ್ರ ಆ ದಿನ ಯಾವತ್ತು ಅಂತ ಯಾರಿಗೂ ತಿಳಿಸಿಲ್ಲ. ಎಚ್ಚರದಿಂದ ಕಾಯ್ರಿ ಅಂದಾರ ಅಷ್ಟ. ಕಾಯೋದು ಬ್ಯಾರೆ, ಕ್ಯಾಲೆಂಡರ್‌ನಾಗ ಗೆರಿ ಹಾಕೋದು ಬ್ಯಾರೆ."

ಅಮ್ಮ ಸಿಟ್ಟಾಗಲಿಲ್ಲ. "ಅಯ್ಯನೋರೇ, ನಿಮ್ಮನೇರನ್ನ್ ಯಾರನ್ನಾರೂ ಮಣ್ಣ್ ಮಾಡಿದ್ರ್ಯಾ?" ಎಂದು ಕೇಳಿದಳು.

ಎಷ್ಟೋ ಜನರ ಅಂತ್ಯಕ್ರಿಯೆ ಮಾಡಿಸಿದ ಮನುಷ್ಯ ಲೋಟವನ್ನು ಕೆಳಗಿಟ್ಟರು. "ಇಲ್ರೀ," ಅಂದರು. "ದೇವರ ದಯೆ, ನಮ್ಮನಿಯಾಗ ಎಲ್ಲಾರೂ ಇದ್ದಾರ." ಆಮೇಲೆ ಅವರು ವಾದಕ್ಕೆ ನಿಲ್ಲಲಿಲ್ಲ. ಅಮ್ಮ ಆ ಗುರುವಾರ ಅಪ್ಪಯ್ಯನ ಸಮಾಧಿಯ ಬಳಿಯೇ ಇರಬೇಕೆಂದಿದ್ದಾಳೆ ಎಂದು ತಿಳಿದಾಗ, "ಅವತ್ತು ಗೇಟಿನ ಕೀಲಿ ತಗದಿಡಸ್ತೀನಿ," ಎಂದಷ್ಟೇ ಹೇಳಿ ಹೋದರು.

ಇನ್ನೊಬ್ಬಳ ಬಗ್ಗೆ ಹೇಳಬೇಕು. ನಮ್ಮ ಬೇಲಿಯಾಚೆ ಮೊಗವೀರರ ಮನೆ. ಅಲ್ಲಿನ ಅಕ್ಕ ಮನೆಮನೆಗೆ ಮೀನು ಮಾರುವವಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಅಮ್ಮನಿಗೆ ಅರ್ಧ ಮಗಳು. ಅವಳ ಗಂಡ ಹೋದ ದೋಣಿ ಗಂಗೊಳ್ಳಿಯ ಅಳಿವೆಯಲ್ಲಿ ಮಗುಚಿಕೊಂಡು ಹದಿನಾಲ್ಕು ವರ್ಷವಾಗಿತ್ತು. ದೋಣಿಯಲ್ಲಿದ್ದ ಇನ್ನಿಬ್ಬರ ದೇಹ ಸಿಕ್ಕಿತು, ಅವನದು ಸಿಗಲಿಲ್ಲ. ಅಂದಿನಿಂದ ಅಕ್ಕ ಮಾರುಕಟ್ಟೆಯಿಂದ ಮೀನು ತಂದು ಮಾರಿದಳೇ ವಿನಾ, ಹೊಳೆ ಕಡಲಿಗೆ ಸೇರುವ ಆ ಅಳಿವೆಯ ಬದಿಗೆ ಹೆಜ್ಜೆ ಇಟ್ಟಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಕೂತು ಬಂಗುಡೆ ಲೆಕ್ಕ ಹಾಕುತ್ತ ಅವಳು ಕೇಳಿದಳು: "ಹ್ವಾಯ್ ಟೀಚ್ರೇ, ನಿಮ್ಮ್ ಸ್ವಾಮಿ ಬಂದ್ರೆ ನಮ್ಮನ್ನೆಲ್ಲ ಎಂತ ಮಾಡ್ತ್ರ್?"

ಪಟ ತೋರಿಸಿದ ಬೋಧಕರ ಬಳಿ ಈ ಪ್ರಶ್ನೆಗೆ, ನಂಬದವರು ಕಪ್ಪು ಪಟ್ಟಿಯಲ್ಲೇ ಉಳಿಯುತ್ತಾರೆ ಎಂಬ ಉತ್ತರವಿತ್ತು, ಅದು ಅಮ್ಮನ ಬಾಯಿಂದ ಬರಲೊಲ್ಲದಾಯಿತು. "ಅದನ್ನೇ ನಾನೂ ದಿನಾ ಸ್ವಾಮಿ ಹತ್ರ ಕೇಂತಾ ಇದ್ದೆ," ಅಂದಳು ಕಡೆಗೆ. "ಇವ್ಳನ್ನ್ ಬಿಟ್ಟ್ ನಾನೂ ಬಪ್ಪುದಿಲ್ಲೆ ಅಂತ ಹೇಳಿದ್ದೆ."

ಅಕ್ಕ ಬಿದ್ದುಬಿದ್ದು ನಕ್ಕಳು. "ನಂಗೋಸ್ಕರ ನೀವ್ ಅಲ್ಲಿ ಜಗಳ ಮಾಡುದ್ ಬೇಡ ಮಾರಾಯ್ರೆ! ನಾನ್ ಎಲ್ಲಿಗೂ ಬಪ್ಪುದಿಲ್ಲೆ. ಮೀನ್ ಮಾರುದ್ ಯಾರ್?" ನಗು ನಿಂತ ಮೇಲೆ, ಮೀನಿನ ಮೇಲಿದ್ದ ಕೈ ಹಾಗೇ ಇಟ್ಟುಕೊಂಡು ಮೆಲ್ಲಗೆ ಕೇಳಿದಳು: "ಮಣ್ಣಂಗ್ ಹುಗ್ದವ್ರ್ ಮಾತ್ರ ಏಳುದಾ? ಕಡ್ಲಂಗ್ ಹೋದವ್ರ್?"

"ಅವ್ರೂ ಏಳ್ತ್ರ್," ಅಂದಳು ಅಮ್ಮ. "ಕಡ್ಲೂ ತನ್ನ್ ಹತ್ರ ಇಪ್ಪವ್ರನ್ನೆಲ್ಲ ವಾಪಾಸ್ ಕೊಡತ್ತ್."

ಅಕ್ಕ ಬುಟ್ಟಿ ಎತ್ತಿಕೊಂಡು ಹೋದಳು.

ಆ ಗುರುವಾರ ಅಮ್ಮ ಎಂದಿಗಿಂತ ಬೇಗ ಎದ್ದು ತಲೆಗೆ ಸ್ನಾನ ಮಾಡಿ ಮದುವೆಯ ಸೀರೆ ಉಟ್ಟಳು. ಒಮ್ಮೆ ಅಚ್ಚ ಬಿಳಿಯಿದ್ದದ್ದು ಈಗ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಇಸ್ತ್ರಿ ಮಾಡಿದ ಅಪ್ಪಯ್ಯನ ಒಂದು ಅಂಗಿ, ಅವರ ಕನ್ನಡಕ, ಎರಡನ್ನೂ ಚೀಲದಲ್ಲಿ ಇಟ್ಟುಕೊಂಡಳು. "ಎದ್ದ್ ಕೂಡ್ಲೇ ಕನ್ನಡ್ಕ ಹುಡುಕ್ತ್ರ್," ಅಂದಳು. ಹೊರಟಾಗ ಅಕ್ಕ ಬೇಲಿಯ ಬಳಿ ಕಾಯುತ್ತಿದ್ದಳು. ಕೈಯಲ್ಲಿ ಮೀನಿನ ಬುಟ್ಟಿ ಇರಲಿಲ್ಲ, ಒಗೆದ ಸೀರೆ ಉಟ್ಟಿದ್ದಳು. "ನೀವಿಬ್ರೇ ಎಂತಕ್ಕ್ ಹೋಪುದ್? ನಾನೂ ಬತ್ತೆ," ಅಂದಳು.

ಕುಂದಾಪುರದ ನಮ್ಮ ಸಮಾಧಿ ಸ್ಥಳ ದೊಡ್ಡದೇನಲ್ಲ. ಸುತ್ತ ಕೆಂಪುಕಲ್ಲಿನ ಗೋಡೆ, ಒಂದು ಮೂಲೆಯಲ್ಲಿ ಗೇರುಮರ. ಅಯ್ಯನವರು ಮಾತು ಉಳಿಸಿಕೊಂಡಿದ್ದರು, ಗೇಟು ತೆರೆದಿತ್ತು. ಮರದ ನೆರಳಲ್ಲಿ ಚಾಪೆ ಹಾಸಿ ಮೂವರೂ ಕೂತೆವು. ಅಪ್ಪಯ್ಯನ ಸಮಾಧಿ ಅಲ್ಲಿಂದ ನಾಲ್ಕು ಹೆಜ್ಜೆ. ಅಮ್ಮ ಬೈಬಲಿನ ವಾಕ್ಯ ಓದಿದಳು, ಪ್ರಾರ್ಥನೆ ಮಾಡಿದಳು, ನಡುನಡುವೆ ಎದ್ದು ಹೋಗಿ ಸಮಾಧಿಯ ಮೇಲಿನ ತರಗೆಲೆ ಆರಿಸಿ ಬಂದಳು. ಹೆದ್ದಾರಿಯ ಲಾರಿಗಳ ಸದ್ದು ದೂರದಿಂದ ಕೇಳುತ್ತಲೇ ಇತ್ತು. ಒಮ್ಮೆ ಯಾವುದೋ ವಾಹನದ ಹಾರನ್ ಉದ್ದಕ್ಕೆ ಕೂಗಿದಾಗ ಅಮ್ಮ ದಡಬಡಿಸಿ ಎದ್ದು ನಿಂತಳು. ಮತ್ತೆ ಕೂತಳು. ನಡುಮಧ್ಯಾಹ್ನ ಅಕ್ಕ ತಂದಿದ್ದ ಅವಲಕ್ಕಿ ತಿಂದೆವು. ಸೆಕೆಗೆ ಮೈಯೆಲ್ಲ ಅಂಟುತ್ತಿತ್ತು, ಎಲೆ ಅಲುಗುತ್ತಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು. "ಟೀಚ್ರೇ, ನಾ ಒಂಚೂರ್ ಕೋಡಿ ಬದಿಗ್ ಹೋಯ್ ಬತ್ತೆ," ಅಂದಳು. ಕೋಡಿಯ ತುದಿಗೆ ಹೋದರೆ ಅಳಿವೆ ಎದುರಿಗೇ ಕಾಣುತ್ತದೆ. ಅಮ್ಮ ಅವಳ ಮುಖ ನೋಡಿ ಹೇಳಿದಳು: "ಹೋಯ್ ಬಾ. ನೀನ್ ಇವತ್ತ್ ಅಲ್ಲೇ ಇರ್ಕ್." ಅಕ್ಕ ರಿಕ್ಷಾ ಹಿಡಿದು ಹೋದಳು.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಕಡಲ ಕಡೆಯಿಂದ ಮೋಡ ಏರಿತು. ಗಾಳಿ ಎದ್ದು ಗೇರೆಲೆಗಳನ್ನು ಮಗುಚಿ ಹಾಕಿತು. ಮೊದಲ ಹನಿಗಳು ಒಣಮಣ್ಣಿನ ಮೇಲೆ ಪಟಪಟ ಬಿದ್ದವು, ನೋಡನೋಡುತ್ತ ಮಳೆ ಜೋರಾಯಿತು. ನಾನು ಕೊಡೆ ಬಿಡಿಸಿ ಅಮ್ಮನ ತಲೆಯ ಮೇಲೆ ಹಿಡಿದೆ. ಅವಳು ಮಳೆಗೆ ತೋಯುತ್ತಿದ್ದ ಸಮಾಧಿಯನ್ನು ನೋಡಿದಳು.

"ಮಳೆ ಬಂತ್," ಅಂದಳು. ಆಮೇಲೆ ಇನ್ನೂ ಮೆಲ್ಲಗೆ, "ಇವತ್ತಲ್ಲ ಕಾಣತ್ತ್."

ಅವಳು ಕುಸಿಯುತ್ತಾಳೆ, ಹಿಡಿದುಕೊಳ್ಳಬೇಕು ಎಂದು ನಾನು ವಾರದಿಂದ ತಯಾರಾಗಿದ್ದೆ. ಅತ್ತವಳು ನಾನು. ಬಿಕ್ಕಿ ಬಿಕ್ಕಿ ಅತ್ತೆ. ಆ ದಿನ ಮುಗಿದರೆ ನನಗೆ ಅಡಗಲು ಜಾಗವಿರಲಿಲ್ಲ. ಅಪ್ಪಯ್ಯ ಎದ್ದು ಬರಲಿಲ್ಲವೆಂದು ಅಳುತ್ತಿದ್ದೇನೆಂದು ತಿಳಿದು ಅಮ್ಮನೇ ನನ್ನ ಬೆನ್ನು ಸವರತೊಡಗಿದಳು. ಆಗ ಗಂಟಿನ ವಿಷಯ ಹೇಳಿಬಿಟ್ಟೆ.

ಬೆನ್ನ ಮೇಲಿನ ಕೈ ನಿಂತಿತು. "ಯಾವತ್ತಿಂದ?"

"ಏಪ್ರಿಲಿಂದ."

"ಎಂತಕ್ಕ್ ಹೇಳ್ಲಿಲ್ಲೆ?"

"ನೀನ್ ಸ್ವಾಮಿ ಬತ್ರ್ ಅಂತಿದ್ದೆ ಅಲ್ದಾ? ಹಾಂಗಾರೆ ಹೇಳುದೇ ಬೇಡ ಅಂದ್ಕಂಡೆ."

ಅಮ್ಮ ನನ್ನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ತರಗತಿಯ ಕೊನೆಯ ಬೆಂಚಿನಲ್ಲಿ ಜ್ವರ ಬಂದು ಮಲಗಿದ ಮಗುವನ್ನು ಗಂಟೆಗಟ್ಟಲೆ ಗಮನಿಸದೆ ಪಾಠ ಮಾಡಿದ ಟೀಚರಿನ ಮುಖ ಅದು. "ಸತ್ತವ್ರಿಗ್ ಕಾದ್ಕಂಡ್ ಕೂತೆ ಮಗಾ," ಅಂದಳು. "ಮನೆಯಂಗ್ ಇಪ್ಪವ್ಳನ್ನ್ ನಾನ್ ಕಾಣ್ಲೇ ಇಲ್ಲೆ."

ಅದಾದ ಮೇಲೆ ಅವಳಿಗೆ ಎಲ್ಲಿಂದ ಶಕ್ತಿ ಬಂತೋ ಗೊತ್ತಿಲ್ಲ. ಚಾಪೆ ಸುತ್ತಿದಳು, ಅಂಗಿಯನ್ನು ಮಡಚಿ ಚೀಲದ ತಳಕ್ಕೆ ಹಾಕಿದಳು. ಸಮಾಧಿಯ ಬಳಿ ಹೋಗಿ ಒದ್ದೆಯಾದ ಸಿಮೆಂಟನ್ನು ಎರಡು ಸಲ ತಟ್ಟಿದಳು. "ನೀವ್ ಮಲ್ಕಣಿ," ಅಂದಳು. "ನಂಗ್ ಕೆಲ್ಸ ಇತ್ತ್. ಇನ್ನೊಂದ್ ದಿನ ಬತ್ತೆ."

ಗೇಟಿನ ಹತ್ತಿರ ಅಕ್ಕ ಸಿಕ್ಕಿದಳು. ಮೈಯೆಲ್ಲ ತೊಯ್ದು, ಪಾದಕ್ಕೆ ಮರಳು ಮೆತ್ತಿತ್ತು. ಅಮ್ಮ ಏನೆಂದು ಕಣ್ಣಲ್ಲೇ ಕೇಳಿದಳು.

"ಯಾರೂ ಬರ್ಲಿಲ್ಲೆ ಟೀಚ್ರೇ," ಅಂದಳು ಅಕ್ಕ. ಆದರೆ ಅವಳ ಮುಖ ಹಗುರಾಗಿತ್ತು. "ಇಷ್ಟ್ ವರ್ಷ ಆ ಬದಿಗ್ ಹೋಪ್ಕೆ ಹೆದ್ರಿಕಿ ಆತಿತ್ತ್. ಇವತ್ತ್ ಹೋಯ್ ನಿಂತೆ. ಹೆಸ್ರ್ ಹಿಡ್ದ್ ಕರ್ದೆ. ಮೂರ್ ಸಲ." ಮದುವೆಯಾದಲ್ಲಿಂದ ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹೆಂಗಸು ಅವಳು. "ಕೂಗಿ ಕರ್ದೆ ಕಾಣಿ, ಮಳೆಗ್ ಯಾರಿಗೂ ಕೇಂಬುದಿಲ್ಲೆ ಅಂತ. ಎದೆ ಹಗೂರ ಆಯ್ತ್."

ಮರುದಿನ ಬೆಳಿಗ್ಗೆ ಏಳು ಗಂಟೆಗೆಲ್ಲ ಅಮ್ಮ ನನ್ನನ್ನು ಬಸ್ಸು ಹತ್ತಿಸಿದ್ದಳು. ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಿ ಗಂಟಿನ ಚೂರು ತೆಗೆದರು. ಫಲಿತಾಂಶಕ್ಕೆ ಒಂದು ವಾರ ಎಂದರು. ಇಷ್ಟು ದಿನ ಯಾಕೆ ಕಾದಿರಿ ಎಂದು ಅವರು ನನ್ನನ್ನು ಕೇಳಿದರು. ಅಮ್ಮ, "ತಪ್ಪು ನನ್ನದು ಡಾಕ್ಟ್ರೇ," ಎಂದಳು.

ಆ ವಾರವಿಡೀ ಮಳೆ. ಮನೆ ಯಾವುದಕ್ಕೂ ತಯಾರಿರಲಿಲ್ಲ. ಅಂಗಳದಲ್ಲಿದ್ದ ಕಟ್ಟಿಗೆ ನೆನೆದು ಹೊಗೆ ಮಾತ್ರ ಬರುತ್ತಿತ್ತು, ಪಶ್ಚಿಮದ ಗೋಡೆ ಒಳಗಿನವರೆಗೆ ತಣ್ಣಗಾಗಿತ್ತು. ಎರಡನೆಯ ದಿನ ಅಕ್ಕ ತನ್ನ ಅಣ್ಣನನ್ನು ಕರೆತಂದು ಗೋಡೆಗೆ ಮಡಲು ಕಟ್ಟಿಸಿದಳು. ಎದುರು ಮನೆಯವರು ಹಪ್ಪಳದ ಕಟ್ಟು ತಂದುಕೊಟ್ಟರು. ಸ್ವಾಮಿ ಯಾಕೆ ಬರಲಿಲ್ಲ ಎಂದು ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಬೋಧಕರು ಫೋನು ಮಾಡಿದ್ದೂ ಆ ವಾರವೇ. ಎಣಿಕೆಯಲ್ಲಿ ಒಂದು ವರ್ಷ ಆಚೀಚೆ ಆಗಿದೆ, ಹೊಸ ದಿನ ಸಿಕ್ಕಿದೆ ಅಂದರಂತೆ. ಅಮ್ಮ ಅವರ ಮಾತು ಪೂರ್ತಿ ಕೇಳಿದಳು. "ಉತ್ತರ ತಪ್ಪಿದರೆ ನಾನು ಮಕ್ಕಳಿಗೆ ಉತ್ತರವನ್ನಷ್ಟೇ ತಿದ್ದಲು ಬಿಡುತ್ತಿರಲಿಲ್ಲ ಬೋಧಕರೇ," ಎಂದು ಶಾಲೆಯ ಕನ್ನಡದಲ್ಲಿ ಹೇಳಿದಳು. "ಲೆಕ್ಕವನ್ನೇ ಅಳಿಸಿ ಮೊದಲಿಂದ ಓದಿ ಅನ್ನುತ್ತಿದ್ದೆ. ನೀವೂ ಮೊದಲಿಂದ ಓದಿ." ಫೋನು ಇಟ್ಟುಬಿಟ್ಟಳು.

ನಾನು ಹೆದರುತ್ತಲೇ ಕೇಳಿದೆ: "ಹಾಂಗಾರೆ ಸ್ವಾಮಿ ಬಪ್ಪುದಿಲ್ಯಾ ಅಮ್ಮ?"

"ಬಪ್ಪುದ್ ಬತ್ರ್. ಅದ್ರಂಗೆ ಎಂತ ಅನುಮಾನ?" ಅವಳ ಧ್ವನಿಯಲ್ಲಿ ನೋವಿದ್ದರೂ ಅಲುಗಾಟವಿರಲಿಲ್ಲ. "ದಿನ ಹೇಳಿದವ್ರ್ ತಪ್ಪಿದ್ರ್, ನಂಬಿದ್ ನಾನೂ ತಪ್ಪಿದೆ. ಸ್ವಾಮಿ ತಪ್ಪ್ಲಿಲ್ಲೆ ಅಲ್ದಾ?"

ಫಲಿತಾಂಶದ ದಿನ ಡಾಕ್ಟರು ಕಾಗದ ಓದಿ ತಲೆಯೆತ್ತುವಷ್ಟರಲ್ಲಿ ಅಮ್ಮ ನನ್ನ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕ್ಯಾನ್ಸರ್ ಅಲ್ಲ, ಬರೀ ನಾರಿನ ಗಂಟು, ಹೆದರುವಂಥದ್ದಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಸಾಕು ಎಂದರು. ನಾನು ಇನ್ನೊಮ್ಮೆ ಹೇಳಿಸಿಕೊಂಡೆ. ಅಮ್ಮ ಮೂರನೆಯ ಸಲ ಹೇಳಿಸಿಕೊಂಡಳು. ಡಾಕ್ಟರಿಗೆ ನಗು ಬಂತು.

ವಾಪಸು ಬರುವ ಬಸ್ಸು ತುಂಬಿತ್ತು. ಬ್ರಹ್ಮಾವರದಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಪಕ್ಕದ ಸೀಟಿನಲ್ಲಿ ಕೂತಿದ್ದ ಅಪರಿಚಿತ ಹೆಂಗಸಿಗೆ ಅಮ್ಮ ತಾನಾಗಿಯೇ, ಅರ್ಧ ಬಸ್ಸಿಗೆ ಕೇಳುವಂತೆ ಹೇಳಿದಳು: "ನನ್ ಮಗ್ಳಿಗ್ ಎಂತದೂ ಇಲ್ಲೆ ಅಂದ್ರ್! ಬರೀ ಗಂಟಂಬ್ರ್!" ನನಗೆ ನಾಚಿಕೆಯಿಂದ ಎಲ್ಲಿ ನೋಡಬೇಕೆಂದೇ ತೋಚಲಿಲ್ಲ. ಆ ಹೆಂಗಸು, "ಒಳ್ಳೇದಾಯ್ತ್ ಮಾರಾಯ್ರೆ, ದೇವ್ರ್ ದೊಡ್ಡವ್ರ್," ಎಂದು ತನ್ನ ಚೀಲದಿಂದ ಎರಡು ಮೂಸಂಬಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ಯಾವ ದೇವರು ಎಂದು ಅಮ್ಮ ಕೇಳಲಿಲ್ಲ.

ಸಾಲಿಗ್ರಾಮ ದಾಟುವಷ್ಟರಲ್ಲಿ ಅಮ್ಮ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ವಾರದಿಂದ ಅವಳು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ, ನಾನೂ ಮುಚ್ಚಿರಲಿಲ್ಲ. ಕಿಟಕಿಯ ತಣ್ಣನೆಯ ಗಾಳಿಗೆ ನನಗೂ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಕಂಡಕ್ಟರು ಭುಜ ತಟ್ಟುತ್ತಿದ್ದರು. ಕುಂಭಾಶಿ ಎಂದೋ ಹಿಂದೆ ಹೋಗಿ ಬಸ್ಸು ಕುಂದಾಪುರದಲ್ಲಿ ನಿಂತಿತ್ತು.

"ಎಲ್ಲಿಗ್ ಹೋಪ್ಕಿತ್ತ್ ನಿಮ್ಗೆ?" ಎಂದರು ಅವರು.

ಅಮ್ಮ ಎದ್ದು ಸುತ್ತ ನೋಡಿದಳು. ಮೊದಲು ಅವಳು ನಕ್ಕಳೋ ನಾನೋ ನೆನಪಿಲ್ಲ. ಬಸ್ಸಿನಿಂದ ಇಳಿದು ಮಳೆಯಲ್ಲೇ ಓಡಿ ಎದುರಿನ ಹೋಟೆಲಿಗೆ ನುಗ್ಗಿದೆವು. ಗೋಳಿಬಜೆ ಆಗಷ್ಟೇ ಎಣ್ಣೆಯಿಂದ ತೆಗೆದದ್ದಿತ್ತು. ಅಮ್ಮ ಎರಡು ಪ್ಲೇಟ್ ಹೇಳಿದಳು, ಮುಗಿಸಿ ಇನ್ನೊಂದು ಪ್ಲೇಟ್ ಹೇಳಿದಳು.